‘ನಿಮ್ದು ಯಾವ ಜನ?’: ಸಂದರ್ಶನದ ಕೋಣೆಯ ಒಂದು ಪ್ರಶ್ನೆ

ವಿಮರ್ಶೆ ಎಂದರೆ ಅಚ್ಚಾದ ಕೃತಿಯನ್ನು ಓದುವುದು ಎಂದು ವಿಶ್ವವಿದ್ಯಾಲಯಗಳು ನಮಗೆ ಕಲಿಸಿವೆ. ದಲಿತ ವಿಮರ್ಶೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬರೆದವನು ಎಲ್ಲಿ ನಿಂತು ಬರೆದ, ಯಾರನ್ನು ಹೊರಗಿಟ್ಟು ಬರೆದ ಎಂದು ಕೇಳಿತು. ಅದೇ ಮಾತನ್ನು ಅಚ್ಚಾಗದ ಇನ್ನೊಂದು ಪಠ್ಯಕ್ಕೂ ಕೇಳಬೇಕೆಂಬುದು ನನ್ನ ಆಸೆ. ಅದು ಉದ್ಯೋಗದ ಸಂದರ್ಶನ. ಮೇಜಿನ ಆಚೆ ನಾಲ್ಕು ಜನ, ಈಚೆ ಒಬ್ಬ. ಆಚೆಯವರು ಕೇಳುತ್ತಾರೆ, ಈಚೆಯವನು ಹೇಳುತ್ತಾನೆ. ಹತ್ತು ನಿಮಿಷದಲ್ಲಿ ಮುಗಿಯುವ ಈ ಪಠ್ಯಕ್ಕೆ ಪ್ರತಿ ಇಲ್ಲ, ಓದುಗರಿಲ್ಲ, ವಿಮರ್ಶಕರೂ ಇಲ್ಲ. ಆದರೆ ಕೇರಿಯ ಒಂದು ಮನೆಯ ಮುಂದಿನ ಮೂವತ್ತು ವರ್ಷದ ಊಟ ಈ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಈ ಪಠ್ಯದ ಒಂದೇ ಒಂದು ಸಾಲನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ‘ನಿಮ್ದು ಯಾವ ಜನ?’ ಈ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಬಳಸಿಕೊಂಡು ಕೆಲಸ ತಪ್ಪಿಸುವುದನ್ನು ನಮ್ಮ ಕಾನೂನು ಅಪರಾಧವೆಂದು ಕರೆದಿದೆ. ಆದರೆ ಪ್ರಶ್ನೆಯನ್ನೇ ಕೇಳಕೂಡದು ಎಂದು ಎಲ್ಲೂ ನೇರವಾಗಿ ಬರೆದಿಲ್ಲ. ಕೇಳುವುದಕ್ಕೂ ತಪ್ಪಿಸುವುದಕ್ಕೂ ನಡುವೆ ಇರುವ ಈ ಸಂದಿಯಲ್ಲೇ ನಮ್ಮ ಹುಡುಗರ ಕೆಲಸಗಳು ಬಿದ್ದುಹೋಗುತ್ತಿವೆ. ಕೇಳಿದವನೇ ಲೆಕ್ಕ ಒಪ್ಪಿಸಬೇಕು ಎಂಬುದು ನನ್ನ ವಾದ.

1

ನಾನು ಭೇರ್ಯದವನು. ಕೃಷ್ಣರಾಜನಗರದಿಂದ ಹೊಳೆನರಸೀಪುರದ ಕಡೆಗೆ, ಹಾಸನದ ದಾರಿಯಲ್ಲಿ ಸಿಗುವ ಊರು. ಸುತ್ತ ಕಾವೇರಿಯ ನಾಲೆ, ಭತ್ತದ ಗದ್ದೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಯಾರೂ ಯಾರನ್ನೂ ‘ಯಾವ ಜನ’ ಅಂತ ಕೇಳೋದಿಲ್ಲ. ಕೇಳುವ ಅಗತ್ಯವೇ ಇಲ್ಲ. ಗೌಡ್ರ ಬೀದಿ, ಲಿಂಗಾಯತರ ಬೀದಿ, ಕುರುಬರ ಬೀದಿ, ಆಮೇಲೆ ಊರ ಹೊರಗೆ ಎ.ಕೆ. ಕಾಲೋನಿ. ಮನುಷ್ಯ ಯಾವ ಕಡೆಯಿಂದ ನಡೆದು ಬಂದ ಎಂಬುದೇ ಉತ್ತರ. ಹಳ್ಳಿಯಲ್ಲಿ ಜಾತಿ ಬೀದಿಯ ಮೇಲೆ ಬರೆದಿರುತ್ತದೆ.

ಬಸ್ಸು ಹತ್ತಿ ಮೈಸೂರಿನಲ್ಲಿ ಇಳಿದಾಗ ಪ್ರಶ್ನೆ ಶುರುವಾಗುತ್ತದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಅಂಕಪಟ್ಟಿಗಳ ಫೈಲು ಹಿಡಿದು ನಿಂತ ಹುಡುಗನ ಮೈಮೇಲೆ ಬೀದಿ ಕಾಣುವುದಿಲ್ಲ. ಉತ್ತರ ಭಾರತದ ಹಾಗೆ ಹೆಸರಿನ ಕೊನೆಗೆ ಕುಲನಾಮವೂ ನಮ್ಮಲ್ಲಿ ಅಷ್ಟಾಗಿ ಇಲ್ಲ. ಮುಂದೆ ಎರಡು ಇನಿಷಿಯಲ್, ಹಿಂದೆ ಮಂಜುನಾಥನೋ ಕುಮಾರನೋ. ಕಾಣದ್ದನ್ನು ಕಾಣುವಂತೆ ಮಾಡುವುದೇ ಪ್ರಶ್ನೆಯ ಕೆಲಸ. ಆದ್ದರಿಂದ ‘ಯಾವ ಜನ?’ ಎಂಬುದು ಹಳ್ಳಿಯ ಮುಗ್ಧತೆಯ ಮಾತು, ಹಳೇ ಕಾಲದವರ ರೂಢಿ ಎಂದು ನಗುತ್ತಾ ಸಮರ್ಥಿಸುವವರ ಮಾತನ್ನು ನಾನು ಒಪ್ಪಲಾರೆ. ಅದು ಪೇಟೆಯ ಪ್ರಶ್ನೆ. ಕಳೆದುಹೋದ ಬೀದಿಯನ್ನು ಆಫೀಸಿನೊಳಗೆ ಮತ್ತೆ ಕಟ್ಟಿಕೊಳ್ಳುವ ಪ್ರಶ್ನೆ.

ಇದು ಇವತ್ತಿನದಲ್ಲ. ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ಹುದ್ದೆಯಿತ್ತು, ಮಲಗಲು ಜಾಗವಿರಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿಯ ಹೆಸರಿನಲ್ಲಿ ಉಳಿದರು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದವರು ಮೊದಲು ಕೇಳಿದ್ದು, ನೀನು ಯಾರು ಎಂದು. ಅಂಬೇಡ್ಕರರ ಡಿಗ್ರಿಗಳು ಆ ಪ್ರಶ್ನೆಗೆ ಉತ್ತರವಾಗಲಿಲ್ಲ.

2

ಸಂದರ್ಶನದ ಕೋಣೆಯಲ್ಲಿ ಈ ಪ್ರಶ್ನೆ ಬೆತ್ತಲಾಗಿ ಬರುವುದು ಅಪರೂಪ. ಅದಕ್ಕೆ ಹಲವು ವೇಷಗಳಿವೆ. ‘ಭೇರ್ಯದಲ್ಲಿ ಯಾವ ಕಡೆ ಮನೆ?’ ‘ತಂದೆಯವರು ಏನ್ ಮಾಡ್ತಾರೆ?’ ‘ಜಮೀನು ಎಷ್ಟಿದೆ?’ ‘ಮನೆದೇವರು ಯಾವುದು?’ ‘ನಮ್ಮ ಇಂಥವರು ಗೊತ್ತಾ, ನಿಮಗೇನಾಗಬೇಕು?’ ‘ಊಟಕ್ಕೆ ಹೇಗೆ, ವೆಜ್ಜೋ ನಾನ್‌ವೆಜ್ಜೋ?’ ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಇವು ಕುಶಲೋಪರಿ. ಒಟ್ಟಿಗೆ ಜೋಡಿಸಿದರೆ ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ ಹಾಕಿ ಕಾಯಬೇಕಾದ ಕೆಲಸವನ್ನು ಇವರು ಮೂರು ನಿಮಿಷದಲ್ಲಿ ಮುಗಿಸುತ್ತಾರೆ.

ಎಂ.ಎ. ಮುಗಿಸಿದ ವರ್ಷ ನಾನು ಮೈಸೂರು ಸೀಮೆಯ ಒಂದು ಖಾಸಗಿ ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದೆ. ಕನ್ನಡ ಅಧ್ಯಾಪಕನ ಕೆಲಸ. ಹಳಗನ್ನಡದ ಬಗ್ಗೆ ಒಂದು ಪ್ರಶ್ನೆ ಬಂತು. ಉಳಿದಂತೆ ಊರು, ಬೀದಿ, ಅಪ್ಪನ ಕೆಲಸ, ಅಪ್ಪನ ಹೆಸರು, ಅಜ್ಜನ ಹೆಸರು. ಅಜ್ಜನ ಹೆಸರು ಹೇಳಿದಾಗ ಆಚೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಸರಿನಪ್ಪ, ಒಳ್ಳೇದಾಗಲಿ, ಸರ್ಕಾರದಲ್ಲಿ ನಿಮಗೆ ಹೆಂಗೂ ಆಗುತ್ತಲ್ಲ, ಇಲ್ಲಿಗ್ಯಾಕೆ ಬಂದ್ರಿ?’ ಎಂದು ಒಬ್ಬರು ಬಹಳ ಪ್ರೀತಿಯಿಂದಲೇ ಕೇಳಿದರು. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಯಾಕೆ ಹೆಸರಿಟ್ಟರು ಎಂಬುದು ನನಗೆ ತರಗತಿಯಲ್ಲಿ ತಿಳಿದದ್ದಕ್ಕಿಂತ ಆ ಕುರ್ಚಿಯಲ್ಲಿ ಚೆನ್ನಾಗಿ ತಿಳಿಯಿತು. ಸರ್ಕಾರಿ ಕೆಲಸದ ಬಾಗಿಲಲ್ಲಿ ‘ಕೋಟಾದವನು’ ಎಂಬ ಹೀಯಾಳಿಕೆ. ಖಾಸಗಿ ಬಾಗಿಲಲ್ಲಿ ‘ನಿನಗೆ ಕೋಟಾ ಇದೆಯಲ್ಲ’ ಎಂಬ ಕರುಣೆ. ಎರಡರ ಫಲವೂ ಒಂದೇ.

ಒಬ್ಬನ ಅನುಭವದಿಂದ ವ್ಯವಸ್ಥೆಯನ್ನು ಅಳೆಯಬಾರದು ಎಂಬ ತಕರಾರು ಬರುತ್ತದೆಂದು ಗೊತ್ತು. ಅಳೆದವರು ಇದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನೇ ಮಾತಾಡಿಸಿದರು. ಅವರೆಲ್ಲ ತಾವು ಜಾತಿ ನೋಡುವುದಿಲ್ಲ, ಪ್ರತಿಭೆ ನೋಡುತ್ತೇವೆ ಎಂದರು. ಜೊತೆಗೆ ‘ಕುಟುಂಬದ ಹಿನ್ನೆಲೆ’ ನೋಡುತ್ತೇವೆ ಎಂದೂ ಹೇಳಿದರು. ಅಪ್ಪ ಅಮ್ಮ ಓದಿದವರೇ, ಮನೆಯ ವಾತಾವರಣ ಹೇಗೆ, ಎಲ್ಲಿ ಬೆಳೆದ ಎಂದು. ಓದುವುದನ್ನೇ ಶತಮಾನಗಳ ಕಾಲ ನಿಷೇಧಿಸಿದ್ದ ಸಮಾಜ, ನಿಮ್ಮಪ್ಪ ಯಾಕೆ ಓದಲಿಲ್ಲ ಎಂದು ಮಗನನ್ನು ಕೇಳುತ್ತದೆ! ಜಾತಿ ಎಂಬ ಶಬ್ದ ಬಾಯಲ್ಲಿ ಬಾರದೆಯೂ ಜಾತಿ ಕೆಲಸ ಮಾಡುವ ಬಗೆ ಇದು.

3

ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ಮೀಸಲಾತಿ ಬೇಕಾದಾಗ ಜಾತಿ ಹೇಳ್ತೀರಿ, ನಾವು ಕೇಳಿದ್ರೆ ತಪ್ಪಾ?’ ಎಂಬ ಮಾತನ್ನು ನಮ್ಮ ಗೆಳೆಯರಲ್ಲಿ ಕೇಳದವರು ಯಾರೂ ಇಲ್ಲ. ಉತ್ತರಕ್ಕೆ ಕೃಷ್ಣರಾಜನಗರಕ್ಕೆ ಹೆಸರು ಕೊಟ್ಟ ದೊರೆಯ ಕಾಲಕ್ಕೇ ಹೋಗೋಣ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಮೈಸೂರು ಸಂಸ್ಥಾನದ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿಕೊಂಡಿದ್ದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಉಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ದಕ್ಷತೆ ಹಾಳಾಗುತ್ತದೆ ಎಂಬ ಕೂಗು ಆಗಲೂ ಎದ್ದಿತು. ದಿವಾನ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಕಾರಣ. ಮಿಲ್ಲರ್ ಸಮಿತಿಯೂ ಜಾತಿಯನ್ನು ಕೇಳಿತು. ಆದರೆ ಅದು ಎಲ್ಲರನ್ನೂ ಕೇಳಿತು, ಬಹಿರಂಗವಾಗಿ ಕೇಳಿತು, ಕಾಗದದ ಮೇಲೆ ಕೇಳಿತು, ಯಾಕೆ ಕೇಳುತ್ತಿದ್ದೇನೆಂದು ಹೇಳಿ ಕೇಳಿತು.

ಸಂದರ್ಶನದವನ ಪ್ರಶ್ನೆ ಇದರ ತಲೆಕೆಳಗು. ಅವನು ಎಲ್ಲರನ್ನೂ ಕೇಳುವುದಿಲ್ಲ, ತನ್ನವರಲ್ಲವೆಂದು ಅನುಮಾನ ಬಂದವರನ್ನು ಕೇಳುತ್ತಾನೆ. ಬಾಗಿಲು ಹಾಕಿಕೊಂಡು ಕೇಳುತ್ತಾನೆ. ಕಾಗದದ ಮೇಲೆ ಬರೆಯುವುದಿಲ್ಲ. ಯಾಕೆ ಕೇಳಿದ್ದು ಎಂದರೆ ‘ಸುಮ್ನೆ’ ಎನ್ನುತ್ತಾನೆ. ಒಂದು ಬಾಗಿಲು ತೆರೆಯಲು ಕೇಳುವ ಪ್ರಶ್ನೆ, ಇನ್ನೊಂದು ಬಾಗಿಲು ಮುಚ್ಚಲು ಕೇಳುವ ಪ್ರಶ್ನೆ. ಸಂವಿಧಾನದ 16(4)ನೇ ವಿಧಿಯ ಬಲದಿಂದ ಮೀಸಲು ಹುದ್ದೆಗೆ ಪ್ರಮಾಣಪತ್ರ ಪರಿಶೀಲಿಸುವವನಿಗೆ ಜಾತಿ ತಿಳಿಯಬೇಕು, ಸರಿ. ಹಳಗನ್ನಡ ಬರುತ್ತೋ ಇಲ್ಲವೋ ಎಂದು ನೋಡಿ ಅಂಕ ಹಾಕುವವನಿಗೆ ಯಾಕೆ ತಿಳಿಯಬೇಕು? ಈ ಇಬ್ಬರೂ ಒಂದೇ ಮೇಜಿನಲ್ಲಿ ಕೂತಿರುವುದೇ ನಮ್ಮ ನೇಮಕಾತಿಯ ರೋಗ.

4

ಈಗ ಕಾನೂನಿನಲ್ಲಿ ಏನಿದೆ ನೋಡೋಣ. ಕೆಲಸ ಹುಡುಕುವ ನಮ್ಮ ಹುಡುಗರಿಗೆ ಇದು ಬಾಯಿಪಾಠವಾಗಬೇಕು.

ಮೊದಲನೆಯದು ಸಂವಿಧಾನದ 16(2)ನೇ ವಿಧಿ. ಪ್ರಭುತ್ವದ ಅಧೀನದ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ, ಇವುಗಳ ಕಾರಣಕ್ಕಷ್ಟೇ ಯಾರನ್ನೂ ಅನರ್ಹರೆನ್ನುವಂತಿಲ್ಲ, ಭೇದ ಮಾಡುವಂತಿಲ್ಲ. ಜಾತಿ ಎಂದು ಹೇಳಿ ಸುಮ್ಮನಾಗದೆ ವಂಶ, ವಾಸಸ್ಥಳ ಎಂದೂ ಸೇರಿಸಿರುವುದನ್ನು ಗಮನಿಸಬೇಕು. ‘ಯಾರ ಮಗ, ಯಾವ ಬೀದಿ’ ಎಂಬ ವೇಷಗಳು ಸಂವಿಧಾನ ಬರೆದವರಿಗೆ ಗೊತ್ತಿದ್ದವು. ಆದರೆ ಈ ವಿಧಿ ಸರ್ಕಾರಿ ಉದ್ಯೋಗಕ್ಕೆ ಮಾತ್ರ. ಖಾಸಗಿ ಶಾಲೆ, ಆಸ್ಪತ್ರೆ, ಬಟ್ಟೆ ಅಂಗಡಿ, ಕಾರ್ಖಾನೆಗಳ ಗೇಟಿನೊಳಗೆ ಇದು ಕಾಲಿಡುವುದಿಲ್ಲ.

ಎರಡನೆಯದು 17ನೇ ವಿಧಿ. ಅಸ್ಪೃಶ್ಯತೆಯನ್ನು ಯಾವುದೇ ರೂಪದಲ್ಲಿ ಆಚರಿಸುವುದನ್ನು ಇದು ನಿಷೇಧಿಸುತ್ತದೆ. ಇದು ಸರ್ಕಾರಕ್ಕೂ ಅನ್ವಯ, ಖಾಸಗಿ ಮಾಲೀಕನಿಗೂ ಅನ್ವಯ. ಇದರ ಬೆನ್ನಿಗೆ ಬಂದದ್ದು 1955ರ ಕಾಯ್ದೆ. 1976ರ ತಿದ್ದುಪಡಿಯ ನಂತರ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು. ಅದರ 4ನೇ ಕಲಂನಲ್ಲಿ ಬಾವಿ, ಹೋಟೆಲು ಇವುಗಳ ಬಗ್ಗೆ ನಾವು ಓದಿದ್ದೇವೆ. ಅದೇ ಕಲಂನಲ್ಲಿ ವೃತ್ತಿ, ವ್ಯಾಪಾರ ಮತ್ತು ‘ಯಾವುದೇ ಕೆಲಸದಲ್ಲಿ ಉದ್ಯೋಗ’ ಎಂಬುದೂ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಇವುಗಳಲ್ಲಿ ಅಡ್ಡಿ ಮಾಡಿದರೆ, ಭೇದ ಮಾಡಿದರೆ, ಒಂದರಿಂದ ಆರು ತಿಂಗಳ ಸೆರೆವಾಸ, ನೂರರಿಂದ ಐನೂರು ರೂಪಾಯಿ ದಂಡ. ಇದೇ ಕಾಯ್ದೆಯ 12ನೇ ಕಲಂ ಇನ್ನೂ ಮುಖ್ಯ. ಕಾಯ್ದೆಯಲ್ಲಿ ಹೇಳಿದ ಅಪರಾಧ ಪರಿಶಿಷ್ಟ ಜಾತಿಯ ವ್ಯಕ್ತಿಯ ಮೇಲೆ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಎದುರು ಪಕ್ಷದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೇ ಬರುತ್ತೇನೆ.

ಮೂರನೆಯದು 1989ರ ದೌರ್ಜನ್ಯ ತಡೆ ಕಾಯ್ದೆ. 2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದ ಮೇಲೆ, ಇತರರಿಗೆ ತೆರೆದಿರುವ ಉದ್ಯೋಗಕ್ಕೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಸೇರದಂತೆ ಅಡ್ಡಿಪಡಿಸುವುದು 3(1)(ಝಡ್‌ಎ) ಕಲಂ ಪ್ರಕಾರ ದೌರ್ಜನ್ಯ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಇಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುವ ಒಂದು ಜಾಗವಿದೆ. ಜಾತಿ ಹೆಸರು ಹಿಡಿದು ಬೈದರೆ, ಅವಮಾನಿಸಿದರೆ ಕೇಸಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಆ ಕಲಂಗಳಿಗೆ ಅದು ‘ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ’ ನಡೆದಿರಬೇಕೆಂಬ ಷರತ್ತಿದೆ. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯೊಳಗಿನ ಬೈಗುಳ ಈ ಷರತ್ತಿಗೆ ಸಿಗುವುದಿಲ್ಲ ಎಂದಿತು. ಸಂದರ್ಶನದ ಕೋಣೆಗೆ ನಾಲ್ಕೇ ಗೋಡೆ. ಹಾಗಾಗಿ ಅವಮಾನದ ಕಲಂ ಹಿಡಿದು ಹೊರಟರೆ ಬಾಗಿಲಲ್ಲೇ ನಿಲ್ಲುವ ಸಂಭವ ಹೆಚ್ಚು. ಉದ್ಯೋಗಕ್ಕೆ ಅಡ್ಡಿ ಮಾಡಿದ ಕಲಂಗೆ ಈ ಷರತ್ತಿಲ್ಲ. ದೂರು ಬರೆಯುವವರು ‘ಬೈದರು’ ಎಂದಷ್ಟೇ ಬರೆದು ಬಿಡಬಾರದು, ‘ಕೆಲಸ ತಪ್ಪಿಸಿದರು’ ಎಂಬುದನ್ನೂ ಬರೆಯಬೇಕು.

ಇನ್ನೊಂದು ಮಾತು. ಈ ಮೊಕದ್ದಮೆಗಳಲ್ಲಿ ಆರೋಪಿಯ ಹಳೇ ವರಸೆಯೊಂದಿದೆ: ‘ಅವನ ಜಾತಿಯೇ ನನಗೆ ಗೊತ್ತಿರಲಿಲ್ಲ ಸ್ವಾಮಿ.’ ಸಂದರ್ಶನದಲ್ಲಿ ಈ ವರಸೆ ನಡೆಯದು. ಊರು, ಬೀದಿ, ಅಪ್ಪನ ಕೆಲಸ, ಮನೆದೇವರು ಎಲ್ಲವನ್ನೂ ಕೇಳಿದವನು ಗೊತ್ತಿರಲಿಲ್ಲ ಎಂದು ಹೇಗೆ ಹೇಳುತ್ತಾನೆ? ಅವನ ಪ್ರಶ್ನೆಯೇ ಅವನ ವಿರುದ್ಧದ ಸಾಕ್ಷಿ.

ಕೇಳದೆಯೂ ನಡೆಯುವ ನೇಮಕಾತಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಶಾಲೆಯ ಬಿಸಿಯೂಟಕ್ಕೆ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲೇ ಆದೇಶಿಸಿತು. 2025ರ ಜೂನ್‌ನಲ್ಲಿ ಪಕ್ಕದ ಚಾಮರಾಜನಗರದ ಹೊಮ್ಮ ಗ್ರಾಮದಲ್ಲಿ ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳನ್ನೇ ಶಾಲೆ ಬಿಡಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಅಲ್ಲಿ ಯಾರೂ ‘ಯಾವ ಜನ’ ಅಂತ ಕೇಳಬೇಕಾಗಿರಲಿಲ್ಲ. ಬೀದಿಯೇ ಹೇಳಿತ್ತು.

5

ಪ್ರಶ್ನೆಯನ್ನೇ ಅಳಿಸಿಹಾಕಲು ನ್ಯಾಯಾಲಯಕ್ಕೆ ಸಾಧ್ಯವೇ? ಸಾಧ್ಯ. ಅದು ಹೆಣ್ಣುಮಕ್ಕಳ ವಿಷಯದಲ್ಲಿ ನಡೆದಿದೆ.

ನೀರಾ ಮಾಥುರ್ ಎಂಬ ಮಹಿಳೆ ಜೀವವಿಮಾ ನಿಗಮಕ್ಕೆ ಆಯ್ಕೆಯಾದರು. ನಿಗಮದ ಘೋಷಣಾ ನಮೂನೆಯಲ್ಲಿ ಮುಟ್ಟು ಸರಿಯಾಗಿ ಆಗುತ್ತಿದೆಯೇ, ಕೊನೆಯ ಬಾರಿ ಯಾವಾಗ ಆಯಿತು, ಎಷ್ಟು ಸಲ ಗರ್ಭಿಣಿಯಾಗಿದ್ದೀರಿ, ಗರ್ಭಪಾತವಾಗಿದೆಯೇ ಎಂಬ ಕಲಂಗಳಿದ್ದವು. ಸೇರಿದ ಮೇಲೆ ಹೆರಿಗೆ ರಜೆ ಕೇಳಿದಾಗ, ನಮೂನೆಯಲ್ಲಿ ಸುಳ್ಳು ಬರೆದಿದ್ದೀರೆಂದು ಕೆಲಸದಿಂದ ತೆಗೆದರು. 1991ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. ಈ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದು ತರುವಂಥವು, ನಮೂನೆಯಿಂದ ಇವನ್ನು ತೆಗೆಯಿರಿ ಎಂದಿತು. ಉತ್ತರ ಸುಳ್ಳೇ ಇರಲಿ, ನಿಜವೇ ಇರಲಿ, ಪ್ರಶ್ನೆಗೇ ಅಲ್ಲಿ ಇರುವ ಹಕ್ಕಿಲ್ಲ ಎಂಬುದು ಇದರ ಅರ್ಥ.

ಇದಕ್ಕೂ ಹಿಂದಿನದು ನಮ್ಮ ಪಿರಿಯಾಪಟ್ಟಣದ ಆಚೆಗಿನ ಕೊಡಗಿನ ಕತೆ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆದುಕೊಟ್ಟು ಸೇರಬೇಕಾಯಿತು. ಬಡ್ತಿ ತಪ್ಪಿದಾಗ ಅವರು ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಮದುವೆಗೆ ಹೆಣ್ಣು ಮಾತ್ರ ಅಪ್ಪಣೆ ಕೇಳಬೇಕೆಂಬ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮುತ್ತಮ್ಮನವರು ದಲಿತರಲ್ಲ, ದೊಡ್ಡ ಹುದ್ದೆಯವರು. ಆದರೆ ‘ಮದುವೆ ಯಾವಾಗ, ಮಕ್ಕಳು ಯಾವಾಗ’ ಎಂಬ ಪ್ರಶ್ನೆ ಅವರಿಂದ ಹಿಡಿದು ಇವತ್ತು ಗಾರ್ಮೆಂಟ್ಸ್ ಗೇಟಿನಲ್ಲಿ ನಿಂತ ನಮ್ಮ ಕೇರಿಯ ಹುಡುಗಿಯ ತನಕ ಒಂದೇ ಆಗಿದೆ. ಆ ಹುಡುಗಿಗೆ ಎರಡು ಪ್ರಶ್ನೆ, ಯಾವ ಜನ ಎಂಬುದೊಂದು, ಮದುವೆ ಆಗಿದೆಯಾ ಎಂಬುದಿನ್ನೊಂದು. ನೇಮಕಾತಿಯಲ್ಲಿ ಹೆಣ್ಣೆಂದು ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಆ ಮಾತಿದೆ. ಖಾಸಗಿ ಮಾಲೀಕನ ನೇಮಕಾತಿಯಲ್ಲಿ ಜಾತಿಯ ಬಗ್ಗೆ ಇಷ್ಟು ನೇರವಾದ ಮಾತು ಯಾವ ಕಾರ್ಮಿಕ ಕಾಯ್ದೆಯಲ್ಲಿದೆ?

ಮೂರನೆಯ ಪ್ರಕರಣ ಕೆಲಸದ್ದಲ್ಲ, ಕಾಲೇಜು ಪ್ರವೇಶದ್ದು. ಆದರೂ ನಮಗೆ ಬೇಕಾದ್ದು. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಸಂದರ್ಶನ ಎರಡು ಮೂರು ನಿಮಿಷದ್ದು, ಕೇಳಿದ್ದು ತಂದೆ ತಾಯಿ ಯಾರು, ಮನೆ ಎಲ್ಲಿ ಎಂಬುದು ಎಂದು ವಿದ್ಯಾರ್ಥಿಗಳು ದೂರಿದರು. ಒಟ್ಟು ಅಂಕದಲ್ಲಿ ಮೂರರಲ್ಲಿ ಒಂದು ಪಾಲು ಈ ಎರಡು ನಿಮಿಷಕ್ಕಿತ್ತು. ಸಂದರ್ಶನಕ್ಕೆ ಶೇಕಡ 15ಕ್ಕಿಂತ ಹೆಚ್ಚು ಅಂಕ ಇಡಬಾರದು, ಸಂದರ್ಶನವನ್ನು ಟೇಪ್ ಮಾಡುವುದು ಒಳ್ಳೆಯದು ಎಂದು ಕೋರ್ಟು ಹೇಳಿತು. ಟೇಪ್‌ರೆಕಾರ್ಡರ್ ಮನೆಗೊಂದಿಲ್ಲದ ಕಾಲದಲ್ಲಿ ಕೊಟ್ಟ ಈ ಸಲಹೆಯನ್ನು, ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ಎಷ್ಟು ಸಂಸ್ಥೆಗಳು ಪಾಲಿಸುತ್ತಿವೆ?

ನಮ್ಮ ವೃತ್ತಿಯಲ್ಲೇ ನೋಡಿ. 2018ರ ಯು.ಜಿ.ಸಿ. ನಿಯಮಾವಳಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಓದಿನ ಅಂಕಗಳನ್ನು ಸಂದರ್ಶನಕ್ಕೆ ಕರೆಯಲಷ್ಟೇ ಬಳಸಿ, ಆಯ್ಕೆ ಸಂದರ್ಶನದ ಮೇಲೆಯೇ ಎಂದು ಬರೆಯಿತು. ಹತ್ತು ಹದಿನೈದು ವರ್ಷದ ಓದು ಬಾಗಿಲ ತನಕ, ಒಳಗೆ ಬರೀ ಮಾತು. ಇದೇ ಮಾತಿನ ಕೊನೆಗೆ ಮೀಸಲು ಹುದ್ದೆಯ ಮುಂದೆ ‘ಅರ್ಹರು ದೊರೆಯಲಿಲ್ಲ’ ಎಂಬ ಷರಾ ಬೀಳುತ್ತದೆ. ಇದಕ್ಕೆದುರಾಗಿ ನಮ್ಮ ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1242 ಹುದ್ದೆಗಳಿಗೆ 2022ರ ಮಾರ್ಚಿನಲ್ಲಿ ಲಿಖಿತ ಪರೀಕ್ಷೆಯ ಮೂಲಕ ಆಯ್ಕೆ ನಡೆಯಿತು. ಅದಕ್ಕೂ ಪ್ರಶ್ನೆಪತ್ರಿಕೆ ಸೋರಿಕೆಯ ಕಳಂಕ ಅಂಟಿತು, ನಿಜ. ಆದರೆ ಸೋರಿದ ಪ್ರಶ್ನೆಪತ್ರಿಕೆಯನ್ನು ಪೊಲೀಸರು ಹಿಡಿಯಬಹುದು. ಸಂದರ್ಶನದಲ್ಲಿ ಸೋರುವ ಜಾತಿಯನ್ನು ಹಿಡಿಯುವವರು ಯಾರು?

6

ಸಾಬೀತು ಮಾಡುವ ಹೊಣೆ ಯಾರದು ಎಂಬ ಪ್ರಶ್ನೆಗೆ ಈಗ ಬರೋಣ. ಈಗಿರುವ ಸ್ಥಿತಿ ಹೀಗಿದೆ: ಕೆಲಸ ಸಿಗದ ಹುಡುಗ, ಜಾತಿಯಿಂದಲೇ ಸಿಗಲಿಲ್ಲ ಎಂದು ತಾನೇ ಸಾಬೀತು ಮಾಡಬೇಕು. ಕೋಣೆಯೊಳಗೆ ಇದ್ದವರೆಲ್ಲ ಎದುರು ಪಕ್ಷದವರು. ಅಂಕಪಟ್ಟಿ ಅವರ ಬೀರುವಿನಲ್ಲಿ. ಇವನ ಹತ್ತಿರ ಇರುವುದು ತನ್ನ ನೆನಪು ಮಾತ್ರ.

ಬೇರೆ ದಾರಿ ಇದೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ 60ನೇ ಕಲಂ ನೋಡಿ. ಕೆಲಸ ಕೊಡುವ ಮುಂಚೆ ಅಭ್ಯರ್ಥಿಯ ಆರೋಗ್ಯದ ಬಗ್ಗೆ ಮಾಲೀಕ ಕೇಳಬಾರದು, ಕೆಲವು ವಿನಾಯಿತಿಗಳನ್ನು ಬಿಟ್ಟು. ಕೇಳಿದ ಮಾತ್ರಕ್ಕೆ ಅಂಗವಿಕಲರ ವಿರುದ್ಧ ಭೇದ ಮಾಡಿದ ಎಂದಾಗುವುದಿಲ್ಲ. ಆದರೆ ಕೇಳಿ, ಆಮೇಲೆ ಕೆಲಸ ಕೊಡದೆ ಇದ್ದು, ಅಭ್ಯರ್ಥಿ ದಾವೆ ಹೂಡಿದರೆ, ಭೇದ ಮಾಡಲಿಲ್ಲ ಎಂದು ತೋರಿಸುವ ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಪ್ರಶ್ನೆಗೆ ಒಂದು ಬೆಲೆ ಕಟ್ಟಿದರು, ಅಷ್ಟೆ. ನಮ್ಮ 1955ರ ಕಾಯ್ದೆಯ 12ನೇ ಕಲಂನಲ್ಲಿ ಇದೇ ತತ್ವದ ಬೀಜವಿದೆ. ನಾವು ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ, ನಮ್ಮದನ್ನೇ ಸಂದರ್ಶನದ ಕೋಣೆಯ ತನಕ ಬೆಳೆಸಬೇಕು. ಉದ್ಯೋಗದಲ್ಲಿ ಸಾಮಾಜಿಕ ಮೂಲದ ಆಧಾರದ ಭೇದವನ್ನು ತೊಡೆಯುತ್ತೇವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1960ರಲ್ಲಿ. ಖಾಸಗಿ ಮಾಲೀಕರನ್ನು ಹಿಡಿಯುವ ಕಾನೂನಿಗೆ ಅಂದಿನಿಂದ ಕಾಯುತ್ತಿದ್ದೇವೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಪ್ರಮಾಣಪತ್ರ ನೋಡುವ ಮೇಜೇ ಬೇರೆ, ಅಂಕ ಹಾಕುವ ಮೇಜೇ ಬೇರೆ ಇರಬೇಕು. ಸಂದರ್ಶನದ ಧ್ವನಿಮುದ್ರಣ ಕಡ್ಡಾಯವಾಗಬೇಕು. ಜಾತಿ, ಧರ್ಮ, ವಂಶ, ಬೀದಿ, ಊಟ, ಮದುವೆ, ಗರ್ಭ ಇವುಗಳ ಬಗ್ಗೆ ಕೇಳಿ ಕೆಲಸ ನಿರಾಕರಿಸಿದರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಕಾರಣ ತೋರಿಸುವ ಹೊಣೆ ಕೇಳಿದವನದೇ ಎಂದು ಕಾನೂನಾಗಬೇಕು.

ಅಲ್ಲಿಯ ತನಕ ಏನು ಮಾಡೋದು? ಕೋಣೆಯೊಳಗೆ ಎದುರುತ್ತರ ಕೊಟ್ಟು ಎದ್ದು ಬನ್ನಿ ಎಂದು ನಾನು ಹೇಳಲಾರೆ. ಮನೆಯಲ್ಲಿ ಕಾಯುತ್ತಿರುವ ಅವ್ವನನ್ನು ಮರೆತು ಉಪದೇಶ ಮಾಡುವುದು ಸುಲಭ. ‘ಸರ್, ಅದೆಲ್ಲ ಅರ್ಜಿಯಲ್ಲಿದೆ, ಪಾಠದ ಬಗ್ಗೆ ಕೇಳಿ’ ಎಂದು ಮೆತ್ತಗೆ ಹೇಳುವ ಧೈರ್ಯವಿದ್ದರೆ ಹೇಳಿ. ಇಲ್ಲದಿದ್ದರೆ ಹೊರಗೆ ಬಂದ ಕೂಡಲೇ, ಬಸ್ ಸ್ಟ್ಯಾಂಡಿನಲ್ಲಿ ಕೂತಾದರೂ ಸರಿ, ತಾರೀಖು, ಹೊತ್ತು, ಯಾರ್ಯಾರು ಇದ್ದರು, ಯಾವ ಮಾತಿನಲ್ಲಿ ಕೇಳಿದರು ಎಲ್ಲವನ್ನೂ ಬರೆದಿಡಿ. ಜಾಹೀರಾತನ್ನು, ಕರೆಪತ್ರವನ್ನು ಎಸೆಯಬೇಡಿ. ಜೊತೆಗೆ ಬಂದವರ ಫೋನ್ ನಂಬರು ಇಟ್ಟುಕೊಳ್ಳಿ. ಅವರಿಗೆ ಏನು ಕೇಳಿದರು ಎಂಬುದೇ ನಿಮ್ಮ ಅತಿ ದೊಡ್ಡ ಸಾಕ್ಷಿ. ಸರ್ಕಾರಿ ಸಂಸ್ಥೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಅಂಕ, ಆಯ್ಕೆಯ ಮಾನದಂಡ ಕೇಳಿ. ದೂರಿಗೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ, ರಾಜ್ಯದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗವಿದೆ, ರಾಷ್ಟ್ರೀಯ ಆಯೋಗವಿದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿಯಿದೆ. ಒಬ್ಬೊಬ್ಬರೇ ಹೋದರೆ ಇವು ಬರೀ ಕಚೇರಿಗಳು. ಸಂಘಟನೆಯಾಗಿ ಹೋದರೆ ಬಾಗಿಲುಗಳು.

ಈ ಕೆಲಸದಲ್ಲಿ ಬರಹಗಾರರಿಗೂ ಪಾಲಿದೆ. ನಮ್ಮ ಆತ್ಮಕಥನಗಳು ಶಾಲೆಯ ಬೆತ್ತವನ್ನು, ಹೋಟೆಲಿನ ಬೇರೆ ಲೋಟವನ್ನು, ದೇವಸ್ಥಾನದ ಹೊಸ್ತಿಲನ್ನು ದಾಖಲಿಸಿವೆ. ಅವು ದಾಖಲಾದ ಮೇಲೆಯೇ ನಾಡಿಗೆ ನಾಚಿಕೆಯಾದದ್ದು. ಸಂದರ್ಶನದ ಕೋಣೆ ಇನ್ನೂ ಬರೆಯದೆ ಉಳಿದಿದೆ. ಹುಣಸೂರಿನ, ಹೆಗ್ಗಡದೇವನಕೋಟೆಯ, ಪಿರಿಯಾಪಟ್ಟಣದ, ಕೃಷ್ಣರಾಜನಗರದ ಹುಡುಗ ಹುಡುಗಿಯರು ತಮ್ಮನ್ನು ಕೇಳಿದ ಪ್ರಶ್ನೆಗಳನ್ನು ಇದ್ದದ್ದು ಇದ್ದ ಹಾಗೆ ಬರೆದು ಒಂದೆಡೆ ಸೇರಿಸಿದರೆ, ಅದು ಕೋರ್ಟಿಗೆ ಸಾಕ್ಷಿಯೂ ಆದೀತು, ಸಾಹಿತ್ಯವೂ ಆದೀತು. ಆಚೆಯವರು ಇಷ್ಟು ಕಾಲ ಕೇಳಿದ್ದಾರೆ, ನಾವು ಹೇಳಿದ್ದೇವೆ. ಇನ್ನು ಮೇಲೆ ಅವರು ಕೇಳಿದ್ದನ್ನು ನಾವು ಓದಿ ಹೇಳಬೇಕು, ಎಲ್ಲರಿಗೂ ಕೇಳುವ ಹಾಗೆ.